ಒಂದಕ್ಷರ ಬಾಕಿ

ನಮ್ಮ ಬಡಾವಣೆಯ ಬಸ್ ಸ್ಟಾಪಿನ ಪಕ್ಕ, ಹೊಂಗೆ ಮರದ ಕೆಳಗೆ, ಆರಡಿ ಉದ್ದದ ಒಂದು ತಳ್ಳುಗಾಡಿ. ಅದರ ನೆತ್ತಿಯ ಮೇಲೆ ಎಂಟಡಿ ಉದ್ದದ ಬೋರ್ಡು. ಮನೆದೇವರ ಹೆಸರು, ಅದರ ಕೆಳಗೆ 'ಟಿಫಿನ್ ಸೆಂಟರ್', ಅದರ ಕೆಳಗೆ ಕೆಂಪಕ್ಷರದಲ್ಲಿ: 'ನಮಗೆ ಬೇರೆ ಶಾಖೆಗಳು ಇಲ್ಲ.'

ಗಾಡಿಗೆ ಶಾಖೆ ಇದೆಯೆಂದು ಅನುಮಾನಪಟ್ಟವರಾದರೂ ಯಾರು? ಕೇಳಿಯೇಬಿಟ್ಟೆ.

"ಮುಂದಾಲೋಚನೆ ಸಾರ್," ಎಂದರು ಓನರ್. "ನಾಳೆ ಶಾಖೆ ಆಯ್ತು ಅಂದ್ಕೊಳ್ಳಿ. 'ಲ್ಲ' ಅಳಿಸಿ 'ವೆ' ಬರೆಸಿದ್ರೆ ಮುಗೀತು. ಒಂದೇ ಅಕ್ಷರದ ಖರ್ಚು."

ಆ ಒಂದಕ್ಷರಕ್ಕಾಗಿ ಅವರು ಹನ್ನೊಂದು ವರ್ಷದಿಂದ ದುಡಿಯುತ್ತಿದ್ದಾರೆ.

ಓನರ್ ಎಂಬುದು ಅವರ ಹೆಸರಲ್ಲ, ಹುದ್ದೆ. ನಾಲ್ಕು ಗಂಟೆಗೆ ಗಾಡಿ ತೊಳೆಯುವವರು ಅವರೇ, ಐದಕ್ಕೆ ಭಟ್ಟರು ಅವರೇ, ಏಳಕ್ಕೆ ಸಪ್ಲೈಯರ್, ಎಂಟಕ್ಕೆ ಕ್ಯಾಷಿಯರ್, ಹನ್ನೊಂದಕ್ಕೆ ಪಾತ್ರೆ ಉಜ್ಜುವವರು. ಇಷ್ಟೆಲ್ಲ ಕೆಲಸಗಾರರ ಮೇಲೆ ಕಣ್ಣಿಡಬೇಕಾದ್ದರಿಂದ ಓನರ್‌ಗೆ ಬಿಡುವಿಲ್ಲ. ಜ್ವರ ಬಂದಾಗ ರಜೆ ಕೇಳಬೇಕಾದ್ದು ಓನರ್ ಹತ್ತಿರ, ಓನರ್ ಕೊಡುವುದಿಲ್ಲ. ಹಿಟ್ಟು ರುಬ್ಬಿ, ಚಟ್ನಿ ಮಾಡಿ, ಸಾಂಬಾರಿಗೆ ಒಗ್ಗರಣೆ ಹಾಕುವವರು ಅವರ ಮನೆಯವರು. ಅವರ ಹೆಸರು ಬೋರ್ಡಿನಲ್ಲೂ ಇಲ್ಲ, ಸಂಬಳದ ಲೆಕ್ಕದಲ್ಲೂ ಇಲ್ಲ. ಆದರೆ ಅವರು ಒಂದು ವಾರ ತವರಿಗೆ ಹೋದರೆ ಕಂಪನಿ ಲಾಕೌಟ್.

ಇಂಥ ಓನರ್ ನಿಮ್ಮೂರಲ್ಲೂ ಇದ್ದಾರೆ. ಹುಬ್ಬಳ್ಳಿಯಲ್ಲಿ ಗಿರ್ಮಿಟ್ ಕಲಸುತ್ತಾರೆ, ಮೈಸೂರಿನಲ್ಲಿ ಚುರುಮುರಿ ಮಾಡುತ್ತಾರೆ, ದಾವಣಗೆರೆಯಲ್ಲಿ ಮಂಡಕ್ಕಿಗೆ ಮೆಣಸಿನಕಾಯಿ ಜೋಡಿಸುತ್ತಾರೆ. ಮುಂದಿನ ಯುಗಾದಿಗೆ ಎಲ್ಲರದೂ ಅಂಗಡಿ ಆಗುತ್ತದೆ. ಯುಗಾದಿ ಪ್ರತಿವರ್ಷ ಬರುತ್ತದೆ, ಅದರದೇನೂ ತಪ್ಪಿಲ್ಲ.

ಕಾನೂನು ಓನರ್‌ಗೆ ಬಾಯಿಪಾಠ. ಬೀದಿಬದಿ ವ್ಯಾಪಾರಿಗಳ ಕಾಯ್ದೆ 2014ರದ್ದು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ ಎಂದು ಅದರಲ್ಲಿದೆ. ತಮ್ಮ ಗುರುತಿನ ಚೀಟಿಗೆ ಲ್ಯಾಮಿನೇಷನ್ ಮಾಡಿಸಿ ಗಾಡಿಯಲ್ಲಿ ಗಣಪತಿ ಪಟದ ಪಕ್ಕ ತೂಗುಹಾಕಿದ್ದಾರೆ. ಎರಡಕ್ಕೂ ದಿನಾ ಊದುಬತ್ತಿ. ಆದರೂ ಅವರು ವಾರಕ್ಕೊಮ್ಮೆ ಸೈಕಲ್ ಶಾಪಿನ ಹುಡುಗನನ್ನು ಕರೆಸಿ ಗಾಡಿಯ ನಾಲ್ಕೂ ಚಕ್ರಕ್ಕೆ ಗಾಳಿ ಹೊಡೆಸುತ್ತಾರೆ. ಹನ್ನೊಂದು ವರ್ಷದಿಂದ ಒಂದೇ ಜಾಗದಲ್ಲಿರುವ ಗಾಡಿಗೆ ಗಾಳಿ ಯಾಕೆ ಎಂದು ಕೇಳಿದರೆ, "ಕಾಯ್ದೆ ನಮ್ಮ ಕಡೆ ಇದೆ ಸಾರ್, ಆದ್ರೆ ಲಾರಿ ಪಾಲಿಕೆಯವರ ಕಡೆ ಇದೆ" ಎಂದರು.

ದೊಡ್ಡದು ಮಾಡಬೇಕಾದರೆ ಬಂಡವಾಳ ಬೇಕು. ಕೊರೊನಾ ಕಾಲದಲ್ಲಿ, 2020ರ ಜೂನ್‌ನಲ್ಲಿ, ಪಿಎಂ ಸ್ವನಿಧಿ ಯೋಜನೆ ಬಂತು. ಆಗ ಮೊದಲು 10,000 ರೂಪಾಯಿ, ತೀರಿಸಿದರೆ 20,000, ಅದನ್ನೂ ತೀರಿಸಿದರೆ 50,000. ಓನರ್ ಒಂದು ಕಂತೂ ತಪ್ಪಿಸದೆ ಮೂರೂ ಮೆಟ್ಟಿಲು ಹತ್ತಿದರು. "ಬಡ್ತಿ ಸಿಕ್ಕಿದ್ದು ಸಾಲಕ್ಕೆ ಸಾರ್, ನನಗಲ್ಲ" ಎನ್ನುತ್ತಾರೆ. ನಾಲ್ಕನೇ ಮೆಟ್ಟಿಲಿಗೆ, ಅಂದರೆ ಅಂಗಡಿಗೆ, ಐದು ಲಕ್ಷ ಬೇಕಿತ್ತು. ಬ್ಯಾಂಕಿನವರು ಅಂಗಡಿಯ ಬಾಡಿಗೆ ಕರಾರು ತನ್ನಿ ಎಂದರು. ಕಟ್ಟಡದ ಮಾಲೀಕರು ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟರೆ ಕರಾರು ಎಂದರು. ಅಡ್ವಾನ್ಸಿಗೆ ದುಡ್ಡು ಬೇಕೆಂದು ಬ್ಯಾಂಕಿಗೆ ವಾಪಸು ಹೋದರೆ ಕರಾರು ಎಲ್ಲಿ ಎಂದರು. ಹುಚ್ಚು ಬಿಡದ ಹೊರತು ಮದುವೆ ಆಗದು, ಮದುವೆ ಆಗದ ಹೊರತು ಹುಚ್ಚು ಬಿಡದು.

ಹಿಂದೊಮ್ಮೆ ನಮ್ಮಲ್ಲಿ ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆಂದು ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದದ್ದು ನೆನಪಿದೆಯಲ್ಲ? ದೆವ್ವ ಓದಿಕೊಂಡು ಸುಮ್ಮನೆ ಹಿಂದಿರುಗಬೇಕು. "ಬ್ಯಾಂಕಿನವರು ಮರ್ಯಾದಸ್ಥರು ಸಾರ್," ಎಂದರು ಓನರ್, "ನನಗೆ 'ನಾಳೆ ಬನ್ನಿ' ಅಂತ ಬಹುವಚನದಲ್ಲಿ ಹೇಳಿದ್ರು."

ಒಂದು ಕಾಗದವನ್ನೂ ಕೇಳದೆ ಕೊಡುವವನೂ ಇದ್ದಾನೆ. ಬೆಳಿಗ್ಗೆ ಒಂಬೈನೂರು ಕೈಗಿಟ್ಟು ಸಂಜೆ ಸಾವಿರ ಇಸಿದುಕೊಳ್ಳುವ ಬಡ್ಡಿ ಸಾಹುಕಾರ. ದಾಖಲೆ ಬೇಡ, ಜಾಮೀನು ಬೇಡ. ಸಂಜೆ ದುಡ್ಡು ಬರದಿದ್ದರೆ ಮಾತ್ರ ತಾಯಿಯ ವಿಚಾರ ಎತ್ತುತ್ತಾನೆ. ಅವನು ಬಂದು ಹೋದ ಮೇಲೆ ಪಿಗ್ಮಿ ಹುಡುಗ ಬರುತ್ತಾನೆ. ಪಿಗ್ಮಿ ಹುಟ್ಟಿದ್ದು ನಮ್ಮ ಉಡುಪಿಯಲ್ಲೇ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯವರು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಹೋಗಿ ಉಳಿತಾಯ ಕಟ್ಟಿಸಿಕೊಳ್ಳಲು ಶುರುಮಾಡಿದರು. ಓನರ್ ಇಂದಿಗೂ ದಿನಕ್ಕೆ ನೂರು ಕಟ್ಟುತ್ತಾರೆ. ಅದು ಶಾಖೆಯ ಅಡ್ವಾನ್ಸಿಗೆಂದು ತೆಗೆದಿಟ್ಟದ್ದು. ಕಳೆದ ಸಲ ಅದು ಮಗಳ ಕಾಲೇಜು ಫೀಸಾಯಿತು, ಅದರ ಹಿಂದಿನ ಸಲ ಅಮ್ಮನ ಕಣ್ಣಿನ ಆಪರೇಷನ್. ಶಾಖೆಯ ಕಂಬ ಏಳುವ ಹೊತ್ತಿಗೆ ಮನೆಯ ತೊಲೆ ಮುರಿಯುತ್ತದೆ.

ಇಷ್ಟು ಸಾಲದೆಂಬಂತೆ 2025ರ ಜುಲೈಯಲ್ಲಿ, ಯುಪಿಐ ಲೆಕ್ಕ ನೋಡಿ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂತು. ಆಚೆ ಬೀದಿಯ ಬೇಕರಿಗೂ ಬಂತು. ಓನರ್‌ಗೆ ಬರಲಿಲ್ಲ. ಬಂದೀತೆಂಬ ಭಯ ಒಂದು ಕಡೆ, ಬೇಕರಿಯವನಿಗೆ ಬಂದು ತನಗೆ ಬರಲಿಲ್ಲವಲ್ಲ ಎಂಬ ಅವಮಾನ ಇನ್ನೊಂದು ಕಡೆ. ಹತ್ತು ರೂಪಾಯಿ ಬಂದರೂ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ ಆ ಪುಟ್ಟ ಸ್ಪೀಕರ್ ಡಬ್ಬಿಯನ್ನು ಅಕ್ಕಿ ಚೀಲದಡಿ ತುರುಕಿ, 'ಕ್ಯಾಶ್ ಮಾತ್ರ' ಎಂದು ರಟ್ಟಿನ ಮೇಲೆ ಬರೆದು ನೇತುಹಾಕಿದರು.

"ನನ್ನ ಖಾತೆಗೆ ಬಂದಿದ್ದೆಲ್ಲ ಇಡ್ಲಿ ದುಡ್ಡಲ್ಲ ಸಾರ್. ಭಾವನ ಕೈಸಾಲ ಇದೆ, ಚೀಟಿ ದುಡ್ಡಿದೆ. ಯಾವುದು ಯಾವುದು ಅಂತ ಆ ಡಬ್ಬಿ ಹೇಳುತ್ತಾ?"

ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ, ಸೇವೆಗಾದರೆ 20 ಲಕ್ಷ ಎಂದು ನಾನು ವಿವರಿಸಿದೆ. ಇಡ್ಲಿ ಸರಕೇ ಎಂದು ಅವರ ವಾದ. ಬೇಯಿಸಿ ಬಡಿಸಿದ ಇಡ್ಲಿ ಕಾನೂನಿನ ಲೆಕ್ಕದಲ್ಲಿ ಸೇವೆ ಎಂದೆ. "ಹನ್ನೊಂದು ವರ್ಷದಿಂದ ಸೇವೆ ಮಾಡ್ತಿದ್ದೀನಿ, ಒಬ್ರೂ ಒಂದು ಶಾಲು ಹೊದಿಸಲಿಲ್ಲ!" ಎಂದರು.

ಕೂತು ಲೆಕ್ಕ ಹಾಕಿದೆವು. ಪ್ಲೇಟಿಗೆ ನಲವತ್ತು ರೂಪಾಯಿ. ದಿನಕ್ಕೆ 137 ಪ್ಲೇಟ್ ಹೋದರೆ ವರ್ಷಕ್ಕೆ 20 ಲಕ್ಷದ ಮೇಲೆ ಇನ್ನೂರು ರೂಪಾಯಿ. 136ಕ್ಕೆ ನಿಂತರೆ ಗಡಿಯ ಈಚೆಗೆ. ಹನ್ನೊಂದು ವರ್ಷದಿಂದ ಗಿರಾಕಿ ಹೆಚ್ಚಲಿ ಎಂದು ದೇವರಿಗೆ ಕೈಮುಗಿದವರು ಅಂದು ಮೊದಲ ಬಾರಿಗೆ, ನೂರಾ ಮೂವತ್ತೇಳನೆಯವನು ಬಾರದಿರಲಿ ಎಂದು ಮುಗಿದರು. ಆದರೆ ಬೀದಿಯ ಹುಡುಗರ ಜೇಬಿನಲ್ಲಿ ಫೋನಿದೆ, ನೋಟಿಲ್ಲ. ಗಿರಾಕಿಗಳು ಬೇಕರಿಯ ಕಡೆ ತಿರುಗಿದರು. ಒಂದು ತಿಂಗಳಲ್ಲಿ ಅಕ್ಕಿ ಚೀಲದಡಿಯಿಂದ ಮೆತ್ತಗೆ ಹೆಣ್ಣುದನಿ ಕೇಳಿಸತೊಡಗಿತು.

ಈ ನಡುವೆ ಒಂದು ಶಾಖೆ ಆಗಿಯೇ ಆಯಿತು, ಆದರೆ ಅವರದಲ್ಲ. ಕೆಲಸ ಕಲಿಯಲು ಊರಿಂದ ಕರೆಸಿಕೊಂಡಿದ್ದ ಅಕ್ಕನ ಮಗ ಆರೇ ತಿಂಗಳಲ್ಲಿ ರಸ್ತೆಯ ಆ ಬದಿಗೆ ಗಾಡಿ ಹಾಕಿದ. ಅದೇ ಮನೆದೇವರು, ಅದೇ ಟಿಫಿನ್ ಸೆಂಟರ್, ಅದೇ ಚಟ್ನಿ. "ಮಾವನ ಶಾಖೇನಾ?" ಎಂದು ಕೇಳಿದವರಿಗೆ ಅವನು ಹೌದು ಎನ್ನುತ್ತಾನೆ. ಓನರ್ ಬೋರ್ಡಿಗೆ ಹೊಸದಾಗಿ ಕೆಂಪು ಬಳಿಸಿದರು, 'ಇಲ್ಲ' ಎಂಬುದಕ್ಕೆ ಎರಡು ಕೋಟು.

ನೌಕರಿಯೆಂದರೆ ಗುಲಾಮಗಿರಿ, ಸ್ವಂತ ಬಿಸಿನೆಸ್ಸೇ ಸ್ವರ್ಗ ಎಂದು ಇಡ್ಲಿ ತಿನ್ನುವ ಸಾಫ್ಟ್‌ವೇರ್ ಹುಡುಗರಿಗೆಲ್ಲ ಉಪದೇಶಿಸುವ ಇವರು, ತಮ್ಮ ಮಗನನ್ನು ಮಾತ್ರ ಎಫ್‌ಡಿಎ ಪರೀಕ್ಷೆಯ ಕೋಚಿಂಗಿಗೆ ಕಳಿಸಿದ್ದಾರೆ.

"ಯಾವ ಇಲಾಖೆ ಸಿಕ್ಕರೆ ಒಳ್ಳೇದು ಓನರ್?"

"ಪಾಲಿಕೆ ಆದ್ರೆ ಒಳ್ಳೇದು ಸಾರ್. ಲಾರಿ ಹೊರಡೋಕೆ ಮುಂಚೆ ಒಂದು ಫೋನ್ ಬರುತ್ತೆ."

ಇಂಥವರಿಗೆ ದೊಡ್ಡ ಕನಸಿಲ್ಲ, ಸಾಹಸವಿಲ್ಲ ಎಂದು ಹವಾನಿಯಂತ್ರಿತ ಸಭಾಂಗಣಗಳಲ್ಲಿ ಮಾತಾಡುವವರನ್ನು ಕೇಳಿದ್ದೇನೆ. ಬ್ಯಾಂಕಿಗೆ ಕರಾರು, ಲಾರಿಗೆ ಗಾಳಿ, ಗಡಿಗೆ 136, ಮನೆಗೆ ಪಿಗ್ಮಿ, ಎದುರಿಗೆ ಅಳಿಯ, ಇಷ್ಟರ ನಡುವೆ ಹನ್ನೊಂದು ವರ್ಷ ಚಿಕ್ಕವರಾಗಿಯೇ ಉಳಿಯಲು ಎಷ್ಟು ದೊಡ್ಡ ತಲೆ ಬೇಕು ಎಂಬುದು ಅವರಿಗೆ ಗೊತ್ತಿಲ್ಲ.

ಬಿಸಿ ಇಡ್ಲಿ ಬೇಕಾದವರು ಏಳು ಗಂಟೆಯೊಳಗೆ ಹೋಗಿ. ಜೇಬಿನಲ್ಲಿ ಚಿಲ್ಲರೆ ಇರಲಿ. ಒಂದು ಪ್ರಶ್ನೆಯನ್ನು ಮಾತ್ರ ಕೇಳಬೇಡಿ: "ಅಂಗಡಿ ಯಾವಾಗ ಓನರ್?" ಕೇಳಿದರೆ ಅವರು ಸೌಟು ಕೆಳಗಿಟ್ಟು ಶಟರಿನ ಬಣ್ಣದಿಂದ ಹಿಡಿದು ಹೇಳಲು ಶುರುಮಾಡುತ್ತಾರೆ, ನಿಮ್ಮ ಇಡ್ಲಿ ತಣ್ಣಗಾಗುತ್ತದೆ.