ಪಮೇರಿಯನ್ ರೋಮಮೀಮಾಂಸೆ

ಪಮೇರಿಯನ್ ನಾಯಿಗೆ ದಟ್ಟವಾದ ಕೂದಲಿದೆ ಎನ್ನುವುದು ಲೋಕರೂಢಿ. ಲೋಕರೂಢಿ ಶಾಸ್ತ್ರಕ್ಕೆ ಪ್ರಮಾಣವಲ್ಲವಾದ್ದರಿಂದ ಇಲ್ಲಿ ಅದನ್ನು ತಿರುವಿಹಾಕಿ, ಆ ದಟ್ಟ ಕೂದಲಿಗೇ ಒಂದು ನಾಯಿ ಇದೆ ಎಂದು ಸಾಧಿಸಲಾಗುವುದು. ಈ ತಳಿಯಲ್ಲಿ ರೋಮವೇ ಪ್ರಧಾನ, ನಾಯಿ ಅದರ ಅಂಗ, ಬಾಚಣಿಗೆ ಹಿಡಿದು ಕೂತ ಯಜಮಾನ ಅಂಗಕ್ಕೂ ಅಂಗ. ನಮ್ಮ ಊರುಗಳಲ್ಲಿ ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕದ ಹಿಂದೆ ಬೊಗಳುವ ಎಷ್ಟೋ ಪಮೇರಿಯನ್‌ಗಳು ನಿಜಕ್ಕೂ ಇಂಡಿಯನ್ ಸ್ಪಿಟ್ಜ್ ಎಂದು ತಳಿಶಾಸ್ತ್ರಜ್ಞರು ತಕರಾರು ತೆಗೆಯಬಹುದು. ಸಿದ್ಧಾಂತಕ್ಕೆ ಇದರಿಂದ ಬಾಧಕವಿಲ್ಲ. ಅವಕ್ಕೂ ಕೂದಲಿನ ಪದರ ಎರಡೇ.

ಮೊದಲು ಇತಿಹಾಸದ ಸಾಕ್ಷ್ಯ. ಬಾಲ್ಟಿಕ್ ಸಮುದ್ರದ ದಕ್ಷಿಣ ದಂಡೆಯಲ್ಲಿ, ಇಂದು ಪೋಲೆಂಡ್ ಮತ್ತು ಜರ್ಮನಿಗೆ ಹಂಚಿಹೋಗಿರುವ ಪೊಮೆರೇನಿಯಾ ಸೀಮೆಯಿಂದ ಈ ತಳಿಗೆ ಹೆಸರು ಬಂತು. ಹಿಮದ ನಾಡುಗಳಲ್ಲಿ ಜಾರುಬಂಡಿ ಎಳೆಯುತ್ತಿದ್ದ ದೊಡ್ಡ ಸ್ಪಿಟ್ಜ್ ನಾಯಿಗಳು ಇದರ ಪೂರ್ವಜರು. 1888ರಲ್ಲಿ ವಿಕ್ಟೋರಿಯಾ ರಾಣಿ ಫ್ಲಾರೆನ್ಸ್‌ನಲ್ಲಿ ಮಾರ್ಕೊ ಎಂಬ ಪುಟ್ಟ ಪಮೇರಿಯನ್ನನ್ನು ಕಂಡು ಮೆಚ್ಚಿ ಇಂಗ್ಲೆಂಡಿಗೆ ತಂದಳು. ರಾಣಿ ಮೆಚ್ಚಿದ ಮೇಲೆ ಪ್ರಜೆಗಳು ಬಿಡುತ್ತಾರೆಯೇ? ಚಿಕ್ಕದು ಚೆಂದ, ಇನ್ನೂ ಚಿಕ್ಕದು ಇನ್ನೂ ಚೆಂದ ಎಂದು ಸಾಕುವವರು ನಾಯಿಯನ್ನು ತಲೆಮಾರಿನಿಂದ ತಲೆಮಾರಿಗೆ ಕುಗ್ಗಿಸುತ್ತ ಹೋದರು. ಇಂದು ಅಮೆರಿಕನ್ ಕೆನಲ್ ಕ್ಲಬ್ ಒಪ್ಪುವ ತೂಕ 3ರಿಂದ 7 ಪೌಂಡ್, ಅಂದರೆ ಹೆಚ್ಚೆಂದರೆ ಮೂರು ಕಿಲೋ ಚಿಲ್ಲರೆ. ಬಂಡಿ ಹೋಯಿತು, ಹಿಮ ಹೋಯಿತು, ಮೈಯಲ್ಲಿ ಬಹುಪಾಲು ಹೋಯಿತು. ಹಿಮಕ್ಕೆಂದು ಹುಟ್ಟಿದ ಕೂದಲಿಗೆ ಮಾತ್ರ ಯಾರೂ ಕೈ ಹಚ್ಚಲಿಲ್ಲ. ಎರಡು ವಸ್ತುಗಳಲ್ಲಿ ಯಾವುದನ್ನು ಕಳೆದರೂ ನಡೆಯುತ್ತದೆಯೋ ಅದು ಗೌಣ, ಯಾವುದನ್ನು ಕಳೆಯಬಾರದೋ ಅದು ಪ್ರಧಾನ.

ಎರಡನೆಯದು ಪ್ರತ್ಯಕ್ಷ ಪ್ರಮಾಣ. ಪಮೇರಿಯನ್‌ಗೆ ಸ್ನಾನ ಮಾಡಿಸಿ ನೋಡಿ. ನೀರು ಬಿದ್ದೊಡನೆ ರೋಮ ಮೈಗೆ ಅಂಟುತ್ತದೆ, ಬಚ್ಚಲಲ್ಲಿ ಉಳಿಯುವುದು ದೊಡ್ಡ ಕಣ್ಣಿನ ಒಂದು ಅಪರಿಚಿತ ಪ್ರಾಣಿ. ಬಿಸಿಗಾಳಿಯ ಯಂತ್ರ ಹಿಡಿದು ಒಣಗಿಸಿದರೆ ಪಮೇರಿಯನ್ ಮರಳಿ ಬರುತ್ತದೆ. ರೋಮವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ: ಅನ್ವಯ ವ್ಯತಿರೇಕ ಎರಡೂ ಒಂದೇ ಬಚ್ಚಲಲ್ಲಿ ಸಿದ್ಧಿಸಿದವು. ಆದರೆ ಸ್ನಾನಕ್ಕೆ ಮುಂಚೆ ಸಿಕ್ಕು ಬಿಡಿಸಿರಬೇಕು, ನೆನೆದು ಒಣಗಿದ ಸಿಕ್ಕು ಇನ್ನಷ್ಟು ಬಿಗಿಯುತ್ತದೆ. ಮೇಲ್ಪದರ ಉದ್ದನೆಯ ಒರಟು ಕೂದಲು. ಅದರಡಿಯದು ಅರಳೆಯಂಥ ಮೃದು ಒಳಪದರ. ಮೇಲೆ ಮೇಲೆ ಬ್ರಷ್ ಆಡಿಸಿದರೆ ಹೊರಗೆ ರೇಷ್ಮೆ, ಒಳಗೆ ಗಂಟು. ಕಿವಿಯ ಹಿಂದೆ, ಕಂಕುಳಲ್ಲಿ, ಹಿಂದೊಡೆಯಲ್ಲಿ ಆ ಗಂಟುಗಳು ಚರ್ಮವನ್ನೇ ಜಗ್ಗುತ್ತವೆ. ಹಾಗಾಗಿ ತುಸು ನೀರು ಚಿಮುಕಿಸಿ, ಸಾಲು ಸಾಲಾಗಿ ಬೈತಲೆ ತೆಗೆದು, ಬುಡದಿಂದ ತುದಿಯವರೆಗೆ ಬಾಚಬೇಕು. ಇಷ್ಟು ವಿಧಿನಿಯಮ ಇರುವುದು ದೇವರಿಗೆ ಅಥವಾ ದೊರೆಗೆ. ನಾಯಿಗೆ ಒಂದು ಬಿಸ್ಕೆಟ್ ಸಾಕು.

ಈಗ ಪೂರ್ವಪಕ್ಷ. ಬೇಸಗೆವಾದಿಗಳು ಹೇಳುತ್ತಾರೆ: ಕಲಬುರಗಿಯ ಮೇ ತಿಂಗಳಲ್ಲಿ ನಾಯಿಗೆ ಕಂಬಳಿ ಯಾಕೆ, ಬೋಳಿಸಿಬಿಡಿ. ಕರುಣೆ ಮೆಚ್ಚುವಂಥದ್ದು, ತರ್ಕ ಮಾತ್ರ ಮನುಷ್ಯನದು. ನಾವು ಮೈಯೆಲ್ಲ ಬೆವರಿ ತಣಿಯುತ್ತೇವೆ. ನಾಯಿಗೆ ಬೆವರು ಮುಖ್ಯವಾಗಿ ಅಂಗಾಲಲ್ಲಿ, ತಣಿವು ಏದುಸಿರಿನಲ್ಲಿ. ಬೋಳಿಸಿದ ಚರ್ಮಕ್ಕೆ ನೇರ ಬಿಸಿಲು ತಾಗುತ್ತದೆ. ಸೆಕೆಗೆ ಮದ್ದು ನೆರಳು, ಫ್ಯಾನು, ಎಳೆಬಿಸಿಲಿಗೆ ಮುಂಚಿನ ವಾಕಿಂಗು, ಮತ್ತು ಗಾಳಿಯಾಡುವಂತೆ ಸತ್ತ ಒಳಪದರವನ್ನು ಬಾಚಿ ತೆಗೆಯುವುದು. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಈ ಜಾತಿಯ ನಾಯಿಗಳಲ್ಲಿ ಕೂದಲಿನ ಬೇರುಗಳು ಬಹುಕಾಲ ವಿಶ್ರಾಂತಿಯ ಸ್ಥಿತಿಯಲ್ಲಿರುತ್ತವೆ. ಬುಡಮಟ್ಟ ಕತ್ತರಿಸಿದರೆ ಕೆಲವೊಮ್ಮೆ ತಿಂಗಳುಗಟ್ಟಲೆ ಚಿಗುರುವುದಿಲ್ಲ, ಚಿಗುರಿದರೂ ಅಲ್ಲಲ್ಲಿ ತೇಪೆ. ಅವಮಾನಕ್ಕೊಳಗಾದ ದೊರೆ ಮುನಿಸು ತೋರಿಸುವ ಬಗೆ ಇದೇ ಎಂದು ನಮ್ಮ ಪಕ್ಷ.

ಉದುರಿಹೋಗುವುದು ಅನಿತ್ಯ, ಅನಿತ್ಯವಾದದ್ದು ಪ್ರಧಾನ ಹೇಗಾದೀತು ಎಂಬುದು ಎರಡನೆಯ ಆಕ್ಷೇಪ. ಉದುರುವುದು ನಾಶವೆಂದು ಯಾರು ಹೇಳಿದರು? ನಾಯಿಯಿಂದ ಹೊರಟ ರೋಮ ಸೋಫಾದಲ್ಲಿ, ಕಪ್ಪು ಪ್ಯಾಂಟಿನಲ್ಲಿ, ಒಮ್ಮೊಮ್ಮೆ ಸಾರಿನಲ್ಲಿಯೂ ಕಾಣಿಸಿಕೊಳ್ಳುತ್ತದೆ. ಇದ್ದದ್ದು ಇಲ್ಲವಾಗದು ಎನ್ನುವ ಸಾಂಖ್ಯರಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗಲಿಕ್ಕಿಲ್ಲ. ನಾಯಿ ಒಂದು ಕೋಣೆಯಲ್ಲಿದ್ದಾಗ ಇನ್ನೊಂದರಲ್ಲಿ ಇರದು; ರೋಮ ಎಲ್ಲ ಕೋಣೆಯಲ್ಲೂ ಇದೆ.

ಕಟ್ಟಕಡೆಯ ಆಕ್ಷೇಪ ಗಟ್ಟಿಯಾದದ್ದು, ಅದು ಪಶುವೈದ್ಯರದು. ಈ ತಳಿಯಲ್ಲಿ ಅಲೋಪೇಶಿಯ ಎಕ್ಸ್ ಎಂಬ ತೊಂದರೆಯಿದೆ. ತಲೆ ಮತ್ತು ಕಾಲುಗಳನ್ನು ಬಿಟ್ಟು ಮೈಮೇಲಿನ ಕೂದಲೆಲ್ಲ ಹೋಗುತ್ತದೆ, ಬೋಳು ಚರ್ಮ ಕಪ್ಪಾಗುತ್ತದೆ. ಇಷ್ಟಾದರೂ ನಾಯಿ ಸಾಮಾನ್ಯವಾಗಿ ಆರೋಗ್ಯವಾಗಿಯೇ ಇದ್ದು ಉಣ್ಣುತ್ತದೆ, ಆಡುತ್ತದೆ, ಹಾಲಿನವನಿಗೆ ಬೊಗಳುತ್ತದೆ. ಪ್ರಧಾನ ಹೋದಮೇಲೂ ಅಂಗ ಇಷ್ಟು ಸುಖವಾಗಿದ್ದರೆ ಸಿದ್ಧಾಂತಕ್ಕೆ ಪೆಟ್ಟು ಬಿತ್ತೆಂದೇ ತೋರುತ್ತದೆ. ಆದರೆ ಆ ಮನೆಯವರು ಮೊದಲು ಮಾಡುವ ಕೆಲಸವನ್ನು ಗಮನಿಸಬೇಕು. ನಾಯಿಗೆ ಉಣ್ಣೆಯ ಸ್ವೆಟರ್ ತರುತ್ತಾರೆ. ರಾಮನಿಲ್ಲದ ಸಿಂಹಾಸನದ ಮೇಲೆ ಭರತ ಪಾದುಕೆ ಇಟ್ಟಂತೆ, ಕುರಿಯ ರೋಮ ಪಮೇರಿಯನ್ ರೋಮದ ಹೆಸರಿನಲ್ಲಿ ಆಳುತ್ತದೆ. ಆ ಸ್ವೆಟರನ್ನು ತಣ್ಣೀರಿನಲ್ಲಿ, ಮೆದು ಸೋಪಿನಲ್ಲಿ, ಹಿಂಡದೆ ಒಗೆದು ನೆರಳಲ್ಲಿ ಹರವಬೇಕು. ಒಣಗುವವರೆಗೆ ನಾಯಿ ಕಾಯಬೇಕು.