ಮಣ್ಣಿನ ಜುಮುಕಿಯ ಮೇಳಮೀಮಾಂಸೆ

ಕೈಯಿಂದ ಮಾಡಿದ ಒಡವೆಗಳನ್ನು ಮಾರಲು ಮೇಳವೊಂದರಲ್ಲಿ ಮಳಿಗೆ ಹಿಡಿಯಬೇಕೆ, ಬೇಡವೆ ಎಂಬುದು ಬೆಂಗಳೂರಿನ ಮಧ್ಯಮವರ್ಗದ ಮನೆಗಳಲ್ಲಿ ಮದುವೆಯ ಸಂಬಂಧದಷ್ಟೇ ಗಂಭೀರವಾಗಿ ಚರ್ಚೆಯಾಗುವ ವಿಷಯವಾಗಿದ್ದು, ಎರಡರಲ್ಲೂ ವಿಚಾರಣೆ ಆರಂಭವಾಗುವ ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ. ಇಲ್ಲಿ ಒಡವೆಯೆಂದರೆ ಚಿನ್ನ ಬೆಳ್ಳಿಯದಲ್ಲ. ಜೇಡಿಮಣ್ಣನ್ನು ಸೋಸಿ, ನಾದಿ, ಆಕಾರ ಕೊಟ್ಟು, ನೆರಳಿನಲ್ಲಿ ಒಣಗಿಸಿ, ಸುಟ್ಟು, ಬಣ್ಣ ಬಳಿದು, ಕೊಕ್ಕೆ ಸಿಕ್ಕಿಸಿದ ಟೆರ್ರಾಕೋಟಾ ಜುಮುಕಿ, ರೇಷ್ಮೆ ನೂಲು ಸುತ್ತಿದ ಬಳೆ, ಚನ್ನಪಟ್ಟಣದ ಅರಗಿನ ಮಣಿ ಪೋಣಿಸಿದ ಸರ ಮುಂತಾದವು. ಇವುಗಳಲ್ಲಿ ಕಳ್ಳನಿಗೆ ಆಸಕ್ತಿಯಿಲ್ಲದಿದ್ದರೂ ಸರ್ಕಾರಕ್ಕಿದೆ. ಕೃತಕ ಆಭರಣಗಳಿಗೂ ಅಪ್ಪಟ ಚಿನ್ನಕ್ಕೂ ಜಿಎಸ್‌ಟಿ ದರ ಒಂದೇ, ಶೇ. 3.

ಮಳಿಗೆ ಕೊಡುವ ಸಂಘಟಕರು ಮೊದಲು ಮುಂದಿಡುವ ಪ್ರಮಾಣ ಫುಟ್‌ಫಾಲ್, ಅಂದರೆ ಬಾಗಿಲು ದಾಟಿ ಒಳಬಂದವರ ಎಣಿಕೆ. ಈ ಎಣಿಕೆಯಲ್ಲಿ ತಾಯಿಯ ಸೊಂಟದ ಮೇಲಿರುವ ಕೂಸು, ಶೌಚಾಲಯ ಹುಡುಕಿಕೊಂಡು ಬಂದವರು, ಹೆಂಡತಿಯ ಕೈಚೀಲ ಹಿಡಿದು ಕಂಬಕ್ಕೊರಗಿದ ಗಂಡಂದಿರು, ಚುರುಮುರಿಗಾಗಿಯೇ ಬಂದ ಕಾಲೇಜು ಹುಡುಗರು ಎಲ್ಲರೂ ಸೇರಿರುವುದರಿಂದ, ಅದನ್ನು ನಂಬಿ ಜುಮುಕಿ ಸುಡಲು ಕೂರುವುದು ವಿವೇಕವಲ್ಲ. ಜನ ಬರುತ್ತಾರೆಯೇ ಎಂಬುದಕ್ಕಿಂತ ಏನನ್ನು ಕೊಳ್ಳಲು ಬರುತ್ತಾರೆ ಎಂಬುದೇ ಮುಖ್ಯ. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗಿಂತ ದೊಡ್ಡ ಜನಸಾಗರವನ್ನು ಯಾವ ಒಡವೆಗಾರ್ತಿಯೂ ಬಯಸಲಾರಳು. ಆದರೆ ಅಲ್ಲಿನ ಗಿರಾಕಿಯ ಒಂದು ಕೈಯಲ್ಲಿ ಕಡಲೆಕಾಯಿ ಪೊಟ್ಟಣವೂ ಇನ್ನೊಂದು ಕೈಯಲ್ಲಿ ಮಗುವಿನ ರಟ್ಟೆಯೂ ಇರುವುದರಿಂದ, ಕಿವಿಗೆ ಜುಮುಕಿ ಹಿಡಿದು ಕನ್ನಡಿ ನೋಡಲು ಮೂರನೆಯ ಕೈ ಬೇಕಾಗುತ್ತದೆ. ಚಿತ್ರಕಲಾ ಪರಿಷತ್ತು 2003ರಿಂದ ನಡೆಸಿಕೊಂಡು ಬಂದಿರುವ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ನಿಜ. ಆದರೆ ಅದು ಚಿತ್ರಗಳ ಸಂತೆ, ಅಲ್ಲಿಗೆ ಬಂದವರ ಕಣ್ಣು ಗೋಡೆಯ ಅಳತೆ ಹಾಕುತ್ತಿರುತ್ತದೆಯೇ ಹೊರತು ಕಿವಿಯದ್ದಲ್ಲ.

ಇನ್ನು ಲೆಕ್ಕ. ಬಾಡಿಗೆಯನ್ನು ರೂಪಾಯಿಯಲ್ಲಿ ಯೋಚಿಸುವ ಬದಲು ಜುಮುಕಿಯಲ್ಲಿ ಯೋಚಿಸುವುದು ಈ ಶಾಸ್ತ್ರದ ಮೊದಲ ಸೂತ್ರ. ಎರಡು ದಿನದ ಮಳಿಗೆಗೆ ಬಾಡಿಗೆ ₹6,000, ಅದರ ಮೇಲೆ ಶೇ. 18ರ ಜಿಎಸ್‌ಟಿ ₹1,080, ಆಟೊ, ಊಟ, ಸಹಾಯಕ್ಕೆ ಬಂದ ಹುಡುಗಿಯ ಕೂಲಿ ಎಲ್ಲ ಸೇರಿ ₹1,920 ಎಂದಿಟ್ಟುಕೊಂಡರೆ ಖರ್ಚು ₹9,000 ಆಯಿತು. ₹250ಕ್ಕೆ ಮಾರುವ ಜೋಡಿಯೊಂದರಲ್ಲಿ ಮಣ್ಣು, ಬಣ್ಣ, ಕೊಕ್ಕೆ, ಡಬ್ಬಿಗಳ ₹70 ಕಳೆದು ಉಳಿಯುವುದು ₹180. ಅಂದರೆ 50 ಜೋಡಿ ಮಾರಿದಾಗ ಸಂಘಟಕರ, ಆಟೊದವರ ಮತ್ತು ಹೋಟೆಲಿನವರ ಋಣ ತೀರುತ್ತದೆ, 51ನೆಯ ಜೋಡಿಯಿಂದ ಒಡವೆಗಾರ್ತಿಯ ಸ್ವಂತ ವ್ಯಾಪಾರ ಶುರುವಾಗುತ್ತದೆ. ದಿನಕ್ಕೆ ಹತ್ತು ಗಂಟೆಯಂತೆ ಇಪ್ಪತ್ತು ಗಂಟೆಯಲ್ಲಿ 50 ಜೋಡಿ ಹೋಗಬೇಕಾದರೆ ಇಪ್ಪತ್ತನಾಲ್ಕು ನಿಮಿಷಕ್ಕೊಂದರಂತೆ ಮಾರಬೇಕು. ಆದರೆ ಚೌಕಾಶಿಯಲ್ಲಿ ನುರಿತ ಒಬ್ಬ ಗೃಹಿಣಿಯೇ, ಸೀರೆಗೆ ಹೊಂದುತ್ತದೆಯೇ ಎಂದು ನೋಡಲು ತಂದ ಬ್ಲೌಸ್ ಪೀಸನ್ನು ಎಲ್ಲ ಜುಮುಕಿಗಳ ಪಕ್ಕಕ್ಕೂ ಹಿಡಿದು, ಫೋಟೊ ತೆಗೆದು, ನಾದಿನಿಗೆ ಕಳಿಸಿ, ಉತ್ತರಕ್ಕೆ ಕಾದು, ಕೊನೆಗೆ “ಒಂದು ಸುತ್ತು ಹಾಕ್ಕೊಂಡು ಬರ್ತೀನಿ” ಎಂದು ಹೊರಡುವಷ್ಟರಲ್ಲಿ ಆ ಇಪ್ಪತ್ತನಾಲ್ಕು ನಿಮಿಷ ಮುಗಿದಿರುತ್ತದೆ.

ಮೇಲಿನ ಲೆಕ್ಕದಲ್ಲಿ ಒಡವೆ ಮಾಡಿದವಳ ಕೂಲಿ ಸೇರಿಲ್ಲವೆಂಬುದನ್ನು ಚುರುಕು ಓದುಗರು ಗಮನಿಸಿರಬಹುದು. ಅದು ಎಂದೂ ಸೇರುವುದಿಲ್ಲ. ಜುಮುಕಿಗೊಂದು ಗಂಟೆಯ ಕೂಲಿಯನ್ನು ಪ್ರಾಮಾಣಿಕವಾಗಿ ಬರೆದುಕೊಂಡರೆ ಯಾವ ಮೇಳವೂ ಗಿಟ್ಟುವುದಿಲ್ಲವಾದ್ದರಿಂದ, ಅದನ್ನು ಹವ್ಯಾಸ ಎಂಬ ಖಾತೆಗೆ ವರ್ಗಾಯಿಸುವ ಪದ್ಧತಿ ರೂಢಿಯಲ್ಲಿದೆ. ಹೀಗೆ ವರ್ಗಾಯಿಸಿಯೂ ಉಳಿದ ಲಾಭ ಮನೆ ತಲುಪುತ್ತದೆಂಬ ಖಾತ್ರಿಯಿಲ್ಲ; ಮಧ್ಯಾಹ್ನದ ಬಿಡುವಿನಲ್ಲಿ ಒಡವೆಯವಳು ಪಕ್ಕದ ಮಳಿಗೆಯಲ್ಲಿ ಇಳಕಲ್ ಸೀರೆ ಕೊಳ್ಳುತ್ತಾಳೆ, ಸೀರೆಯವಳು ಎದುರಿನ ಮಳಿಗೆಯ ಮಿಡಿ ಉಪ್ಪಿನಕಾಯಿ ಕೊಳ್ಳುತ್ತಾಳೆ, ಉಪ್ಪಿನಕಾಯಿಯವಳು ಜುಮುಕಿ ಕೊಳ್ಳುತ್ತಾಳೆ. ಮೂವರ ಯುಪಿಐ ಪೆಟ್ಟಿಗೆಗಳೂ ಹಣ ಬಂತೆಂದು ಸಂಭ್ರಮದಿಂದ ಕೂಗಿದ್ದರೂ ಹೊರಗಿನಿಂದ ಒಂದು ರೂಪಾಯಿಯೂ ಒಳಬಂದಿರುವುದಿಲ್ಲ.

ಕಾಲದ ವಿಷಯದಲ್ಲಿ ಮಾತ್ರ ಪಂಚಾಂಗವನ್ನು ನಂಬಬಹುದು. ಪಿತೃಪಕ್ಷದಲ್ಲಿ ಹೊಸ ಒಡವೆಗೆ ಕೈ ಹಾಕುವವರು ವಿರಳ. ವರಮಹಾಲಕ್ಷ್ಮಿ, ಗೌರಿ, ದೀಪಾವಳಿಗಳ ಹಿಂದಿನ ವಾರದಲ್ಲಿ ಸಂಬಳವೂ ಬಂದಿದ್ದರೆ ಜುಮುಕಿಗೆ ಶುಭಯೋಗ. ಕೇಂದ್ರ ಜವಳಿ ಸಚಿವಾಲಯದ ‘ಪೆಹಚಾನ್’ ಎಂಬ ಕುಶಲಕರ್ಮಿ ಗುರುತಿನ ಚೀಟಿಯುಳ್ಳವರಿಗೆ ಸರ್ಕಾರಿ ಮೇಳಗಳ ದಾರಿಯೂ ಇದೆ. ಖಾಸಗಿ ಮೇಳದ ಬಾಡಿಗೆ ಕಟ್ಟುವ ಮುನ್ನ ಅದನ್ನು ವಿಚಾರಿಸುವುದು ಲೇಸು, ಆದರೆ ಹೆಚ್ಚಿನವರು ಕಟ್ಟಿದ ಮೇಲೆಯೇ ವಿಚಾರಿಸುತ್ತಾರೆ.

ಬಾಡಿಗೆ ಕಟ್ಟುವ ಮೊದಲು ಅದೇ ಮೇಳಕ್ಕೆ ಗಿರಾಕಿಯಾಗಿ ಹೋಗಿ, ಹೊರಬರುವವರ ಮುಖವನ್ನು ಬಿಟ್ಟು ಕೈಚೀಲವನ್ನು ನೋಡುವುದು ಅತ್ಯುತ್ತಮ ಪರೀಕ್ಷೆ. ಹತ್ತರಲ್ಲಿ ಎಂಟು ಕೈಗಳಲ್ಲಿ ಬಜ್ಜಿಯ ಪೊಟ್ಟಣವೇ ಇದ್ದರೆ ಬಜ್ಜಿಯ ಮಳಿಗೆ ಹಿಡಿಯುವುದು ಲಾಭಕರ. ಒಡವೆಯೇ ಆಗಬೇಕೆಂದು ಹಟ ಹಿಡಿದವರು, ಮಾರದೆ ಉಳಿದ ಸರಕು ಮನೆಗೆ ಮರಳುವಾಗ ಆಟೊದ ಕುಲುಕಾಟಕ್ಕೆ ಜೋಡಿಯಲ್ಲೊಂದು ಒಡೆಯುತ್ತದೆಂಬುದನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಉಳಿದ ಒಂಟಿ ಜುಮುಕಿಗೆ ಉಂಗುರ ಸಿಕ್ಕಿಸಿದರೆ ಅದು ಬೀಗದ ಕೈಯ ಗೊಂಚಲಾಗಿ, ಕಲಾಕೃತಿಯೆಂಬ ಚೀಟಿ ಹೊತ್ತು, ಜೋಡಿಯ ಬೆಲೆಗಿಂತ ಹತ್ತು ರೂಪಾಯಿ ಹೆಚ್ಚಿಗೆ ಮಾರಾಟವಾಗುತ್ತದೆ.