ಹಾರದ ವಿಮಾನ

ನ್ಯಾಟ್ ಯುದ್ಧವಿಮಾನದ 1:72 ಅಳತೆಯ ಹಳೆ ಪ್ಲಾಸ್ಟಿಕ್ ಕಿಟ್ ಜೋಡಿಸುವವರಿಗೆ ಮದುವೆ ದಲ್ಲಾಳಿಯ ತಾಳ್ಮೆ ಬೇಕು. ಎಡಹೋಳು ಬಲಹೋಳು ಒಂದನ್ನೊಂದು ಒಪ್ಪುವುದಿಲ್ಲ. ಹೇಗೋ ಒಪ್ಪಿಸಿ ಅಂಟಿಸಿದರೆ ರೆಕ್ಕೆ ಮುನಿಸಿಕೊಂಡು ದೂರ ನಿಲ್ಲುತ್ತದೆ. ಆ ಸಂದಿಗೆ ನಮ್ಮೂರು ಹಂಸಭಾವಿಯಲ್ಲಿ ಸಿಗುವ ಮದ್ದೆಂದರೆ ಪೈಪಿನ ಸೋರಿಕೆಗೆ ಮೆತ್ತುವ ಎಂ-ಸೀಲ್. ಮೆತ್ತಬೇಕು, ಒಣಗಿಸಬೇಕು, ಪಾಲಿಶ್ ಕಾಗದದಿಂದ ಉಜ್ಜಬೇಕು. ಉಜ್ಜಿದರೆ ಸಂದಿಯ ಜೊತೆ ಮೈಮೇಲಿನ ಉಬ್ಬುಗೆರೆಗಳೂ ಮಾಯ! ಮೂಗಿನೊಳಗೆ ಸೀಸದ ಚೂರು ತುರುಕದಿದ್ದರೆ ವಿಮಾನ ಬಾಲ ಊರಿ ಕೂತುಬಿಡುತ್ತದೆ, ಅದು ಬೇರೆ.

ನಿಜವಾದ ನ್ಯಾಟ್ ಕೂಡ ಪುಟಾಣಿಯೇ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಏಳು ಮೀಟರ್ ಸಹ ಇಲ್ಲ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾಗುತ್ತಿತ್ತು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಉರುಳಿಸಿ ‘ಸೇಬರ್ ಹಂತಕ’ ಎಂಬ ಬಿರುದು ಗಳಿಸಿತು. ಅಂಥ ಗಂಡುಗಲಿ ನಮ್ಮ ಕಟ್ಟೆಯ ಮೇಲೆ, ಗೇಟಿಗೆ ಬಳಿದು ಉಳಿದ ಬೆಳ್ಳಿ ಪೇಂಟಿಗೆ ಮೈಯೊಡ್ಡಿ ಕೂತಿತ್ತು.

ಅಂಗಳದಲ್ಲಿ ಗೋವಿನಜೋಳ ಒಣಹಾಕುತ್ತಿದ್ದ ಪಕ್ಕದ ಮನೆಯ ಕಾಕಾ ಬಂದು ನಿಂತರು.

“ಇದು ಹಾರತೈತೇನೋ ತಮ್ಮಾ?”

“ಇಲ್ಲರೀ ಕಾಕಾ, ಬರೇ ನೋಡಾಕ.”

“ಹಂಗಾರ ನಮ್ಮ ಜ್ವಾಳದ ರಾಶಿ ಮ್ಯಾಲ ತಂದಿಡೋ. ಗುಬ್ಬ್ಯರ ಅಂಜತಾವು.”